ಹಾಡಿನ ಬಾಯಿ, ವಿಮರ್ಶೆಯ ಕಿವಿ

1

ಕನ್ನಡ ವಿಮರ್ಶೆ ದಲಿತ ಕಾವ್ಯವನ್ನು ಕೂತು ಓದಿದೆ. ನಿಂತು ಕೇಳಿದ್ದು ಕಡಿಮೆ. ಇದು ಆರೋಪದ ಧಾಟಿ ಅಂತ ಅನ್ನಿಸಿದರೆ ಅನ್ನಿಸಲಿ. ಸಿದ್ಧಲಿಂಗಯ್ಯನವರ ಬಗ್ಗೆ ನಾನು ವಿದ್ಯಾರ್ಥಿನಿಯಾಗಿದ್ದಾಗ ಓದಿದ, ಈಗ ತರಗತಿಯಲ್ಲಿ ಪಾಠ ಮಾಡಬೇಕಾಗಿ ಬಂದಿರುವ ಬರಹಗಳಲ್ಲಿ ಬಹುಪಾಲು ಒಂದೇ ಕಥೆಯನ್ನು ಹೇಳುತ್ತವೆ. ಮೊದಲು ಸಿಟ್ಟು, ಘೋಷಣೆ, ಬೈಗುಳ. ಆಮೇಲೆ ಸಂಯಮ, ರೂಪಕ, ಮಾಗುವಿಕೆ. ಕೊನೆಗೆ ಆತ್ಮಕಥೆಯ ನಗು. ಕವಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಹೋಗುವ ಈ ಕಥೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಯಾವುದು? ಚಳವಳಿಯಲ್ಲಿ ಜನ ಹಾಡಿದ ಹಾಡುಗಳು. ಅಂದರೆ ಜನ ಯಾವುದನ್ನು ಬಾಯಲ್ಲಿ ಇಟ್ಟುಕೊಂಡರೋ ಅದು ಕವಿಯ ಬಾಲ್ಯ. ವಿಮರ್ಶಕ ಯಾವುದನ್ನು ಕಪಾಟಿನಲ್ಲಿ ಇಟ್ಟುಕೊಂಡನೋ ಅದು ಪ್ರೌಢಿಮೆ. ಈ ಲೆಕ್ಕವನ್ನು ಹಾಕಿಕೊಟ್ಟವರು ಯಾರು?

ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕಾಲೇಜಿಗೆ ಬರುವ ಹುಡುಗರಲ್ಲಿ ಕೆಲವರು ರ‍್ಯಾಪ್ ಕಟ್ಟುತ್ತಾರೆ. ಮೊಬೈಲಿನಲ್ಲಿ ಯಾರೋ ಹಾಕಿಟ್ಟ ಬೀಟ್ ಇಟ್ಟುಕೊಂಡು, ಹಾಸ್ಟೆಲ್ಲಿನ ಟೆರೇಸ್ ಮೇಲೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಸಾಲು ಹೊಸೆಯುತ್ತಾರೆ. ಅವರಲ್ಲೊಬ್ಬ ಕೇಳಿದ: ‘ಮೇಡಂ, ಹಿಪ್‌ಹಾಪ್‌ನಲ್ಲಿ ನಮ್ಮೋರು ಅಂತ ಹಿರಿಯರು ಯಾರಿದಾರೆ?’ ಸಿದ್ಧಲಿಂಗಯ್ಯ ಅಂದೆ. ನಕ್ಕರು. ಪಠ್ಯಪುಸ್ತಕದಲ್ಲಿ ಫೋಟೊ ಇರೋ ಮನುಷ್ಯ ರ‍್ಯಾಪರ್ ಹೇಗಾಗ್ತಾನೆ ಅನ್ನೋದು ಅವರ ನಗೆ. ಆ ಉತ್ತರಕ್ಕೆ ನಾನು ಕೊಡಬೇಕಾದ ವಿವರಣೆಯೇ ಈ ಲೇಖನ.

2

1973ರ ಆಗಸ್ಟ್ 11. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗಿ ಸಿಂಡಿ ಕ್ಯಾಂಪ್‌ಬೆಲ್ ಶಾಲೆ ಶುರುವಾಗೋ ಮೊದಲು ಬಟ್ಟೆಬರೆಗೆ ಕಾಸು ಹೊಂದಿಸಲು ಒಂದು ಕುಣಿತದ ಕೂಟ ಏರ್ಪಡಿಸಿದಳು. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್. ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತದೆ. ಹರ್ಕ್ ಕಂಡುಕೊಂಡ ಉಪಾಯ ಸರಳವಾದದ್ದು. ಹಾಡಿನಲ್ಲಿ ಗಾಯನ ನಿಂತು ಬರೀ ಡ್ರಮ್ಮಿನ ಪೆಟ್ಟು ಉಳಿಯುವ ತುಣುಕೊಂದು ಇರುತ್ತದಲ್ಲ, ಜನ ಹುಚ್ಚೆದ್ದು ಕುಣಿಯೋದು ಅಲ್ಲೇ. ಆ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿ ಉದ್ದ ಮಾಡಿದ. ಆ ಪೆಟ್ಟಿನ ಮೇಲೆ ಮಾತು ಹತ್ತಿತು, ಮಾತಿಗೆ ಪ್ರಾಸ ಹತ್ತಿತು. ಊರ ನಡುವೆ ಹೆದ್ದಾರಿ ಸೀಳಿಕೊಂಡು ಹೋಗಿ ಸಾವಿರಾರು ಮನೆಗಳು ಎದ್ದುಹೋದ, ಉಳಿದ ಕಟ್ಟಡಗಳಿಗೆ ಬೆಂಕಿ ಬೀಳುತ್ತಿದ್ದ ಕಾಲದ ಬ್ರಾಂಕ್ಸ್ ಅದು. ಬೀದಿದೀಪದ ಕಂಬದಿಂದ ಕರೆಂಟ್ ಎಳೆದು ಸ್ಪೀಕರ್ ಹಾಕುತ್ತಿದ್ದರು.

ಅದೇ ವರ್ಷ ನವೆಂಬರ್ 19ರಂದು ಮೈಸೂರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತಾಡಿದರು. ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ರಾಜ್ಯದ ತುಂಬ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಪುಸ್ತಕ ಓದದವರೂ ಸಾಹಿತ್ಯದ ಮಾನ ಕಾಪಾಡಲು ಕಲ್ಲು ಎತ್ತಿಕೊಂಡ ವಿಚಿತ್ರ ಗಳಿಗೆ ಅದು. ದೇವನೂರ ಮಹಾದೇವ ಅವರ ‘ದ್ಯಾವನೂರು’ ಬಂದದ್ದೂ 1973ರಲ್ಲೇ.

ಬ್ರಾಂಕ್ಸಿಗೂ ಮೈಸೂರಿಗೂ ಗಂಟು ಹಾಕುವ ಉದ್ದೇಶ ನನಗಿಲ್ಲ. ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ, ಅವರಿಗೆ ಇವರದ್ದು ಗೊತ್ತಿರಲಿಲ್ಲ. ಎಳೆ ಇದ್ದದ್ದು ಬೇರೆ ಕಡೆ. 1966ರಲ್ಲಿ ಓಕ್ಲೆಂಡ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನು 1972ರಲ್ಲಿ ಮುಂಬಯಿಯ ನಾಮದೇವ ಢಸಾಳ, ಜೆ.ವಿ. ಪವಾರ್ ಮುಂತಾದವರು ತಮ್ಮ ಸಂಘಟನೆಗೆ ಇಟ್ಟುಕೊಂಡಿದ್ದರು. ನಾನು ಹೇಳಹೊರಟಿರೋದು ಹೋಲಿಕೆಯನ್ನಲ್ಲ, ವ್ಯತ್ಯಾಸವನ್ನು. ಅಲ್ಲಿ ಬಾಯಿಮಾತಿನ ಪದ್ಯ ಕಟ್ಟಿದವರು ಅದನ್ನು ಅಳೆಯುವ ಕೋಲನ್ನೂ ತಾವೇ ಮಾಡಿಕೊಂಡರು: ಯಾರ ಉಸಿರು ಎಷ್ಟು ಉದ್ದ, ಪ್ರಾಸ ಎಲ್ಲಿ ಬಿತ್ತು, ಪೆಟ್ಟಿಗಿಂತ ಹಿಂದೆ ಬಿತ್ತೋ ಮುಂದೆ ಬಿತ್ತೋ, ಎದುರಾಳಿಯ ಬಾಯಿ ಮುಚ್ಚಿಸಿತೋ ಇಲ್ಲವೋ. ಅಕಾಡೆಮಿಗಳು ಬಹಳ ತಡವಾಗಿ ಬಂದವು. ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಸಿಕ್ಕಿದ್ದು 2018ರಲ್ಲಿ. ನಾವು ಇಲ್ಲಿ ಹಾಡು ಕಟ್ಟಿದೆವು, ಅಳೆಯುವ ಕೋಲನ್ನು ಮಾತ್ರ ನವ್ಯರ ಮನೆಯಿಂದ ಕಡ ತಂದೆವು.

3

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ‘ಊರುಕೇರಿ’ ಓದಿದ ಯಾರೂ ಅದರ ಮೊದಲ ಪುಟಗಳನ್ನು ಮರೆಯಲಾರರು: ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಇನ್ನೊಬ್ಬ ಉಳುತ್ತಿದ್ದಾನೆ, ನೊಗ ಹೊತ್ತವರಲ್ಲಿ ಒಬ್ಬ ನೋಡುತ್ತಿರುವ ಹುಡುಗನ ಅಪ್ಪ. ಅಲ್ಲಿಂದ ಕುಟುಂಬ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ಮಿಲ್ಲು, ಕೊಳೆಗೇರಿ, ಹಾಸ್ಟೆಲ್, ಓದಿಕೊಳ್ಳಲು ಜಾಗವಿಲ್ಲದೆ ಸ್ಮಶಾನಕ್ಕೆ ಹೋಗಿ ಕೂರುವುದು. ಭಾಷಣದ ಹುಚ್ಚು, ವಿಚಾರವಾದದ ಹುಚ್ಚು, ಗೆಳೆಯ ಡಿ.ಆರ್. ನಾಗರಾಜ್ ಜೊತೆಗಿನ ತಿರುಗಾಟ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಕವಿಗೆ 21 ವರ್ಷ. ಅದೇ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಿತ್ತು. ಆಮೇಲೆ 1979ರಲ್ಲಿ ‘ಸಾವಿರಾರು ನದಿಗಳು’, 1982ರಲ್ಲಿ ‘ಕಪ್ಪು ಕಾಡಿನ ಹಾಡು’.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಗ್ರಾಮದೇವತೆಗಳ ಮೇಲೆ ಪಿಎಚ್.ಡಿ., ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಗಿರಿ, ‘ಪಂಚಮ’, ‘ಏಕಲವ್ಯ’ ನಾಟಕಗಳು, 1983ರಲ್ಲಿ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಹಾಡು. 1988ರಲ್ಲಿ, 34ನೇ ವಯಸ್ಸಿನಲ್ಲಿ, ವಿಧಾನ ಪರಿಷತ್ತು. ಪುಸ್ತಕ ಪ್ರಾಧಿಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರಗಳ ಅಧ್ಯಕ್ಷತೆ. 2015ರಲ್ಲಿ ಶ್ರವಣಬೆಳಗೊಳದ 81ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 2021ರ ಜೂನ್ 11ರಂದು ಕೋವಿಡ್ ನಂತರದ ತೊಂದರೆಯಿಂದ ತೀರಿಕೊಂಡರು. 2022ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಇದು ಮನುಷ್ಯನ ಬಯೋಡೇಟಾ. ಹಾಡುಗಳಿಗೆ ಬೇರೊಂದು ಬಯೋಡೇಟಾ ಇದೆ.

4

ಹಾಡಿನ ಕಸುಬಿನ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ‘ಘೋಷಣೆ’ ಎಂಬ ಒಂದು ಪದದಲ್ಲಿ ಇದೆಲ್ಲ ಮುಚ್ಚಿಹೋಗಿದೆ.

‘ನನ್ನ ಜನಗಳು’ ಪದ್ಯವನ್ನೇ ತೆಗೆದುಕೊಳ್ಳಿ. ಅದರಲ್ಲಿ ವಾದ ಇಲ್ಲ, ಪಟ್ಟಿ ಇದೆ. ಸಾಲಿಗೊಂದು ಕೆಲಸ, ಸಾಲಿಗೊಂದು ಏಟು. ಹಸಿವು, ಕಲ್ಲು, ಒದೆ, ಹೀಗೆ ಬರುತ್ತಾ ಹೋಗುತ್ತದೆ. ಯಾರು ಇವರು ಅನ್ನೋದಕ್ಕೆ ಪಲ್ಲವಿ ಬಂದು ಉತ್ತರ ಕೊಡುತ್ತದೆ. ಸಾಲುಗಳ ತುದಿಯಲ್ಲಿ ಬರೋದು ಬರವಣಿಗೆಯ ‘ಅವರು’ ಅಲ್ಲ, ಮಾತಿನ ‘ಓರು’. ವಿಮರ್ಶೆ ಇದನ್ನು ‘ಆಡುಮಾತಿನ ಸಮರ್ಥ ಬಳಕೆ’ ಅಂತ ಒಂದು ಸಾಲಿನಲ್ಲಿ ಮೆಚ್ಚಿ ಮುಂದೆ ಹೋಗುತ್ತದೆ. ಆದರೆ ಹಾಡಿ ನೋಡಿ. ‘ಸತ್ತವರು’ ಅಂದರೆ ಕೊನೆಗೆ ಮೂರು ಲಘು, ನಾಲಿಗೆ ಓಡಿಬಿಡುತ್ತದೆ, ಗುಂಪು ಹಿಡಿಯೋಕೆ ಜಾಗವೇ ಇಲ್ಲ. ‘ಸತ್ತೋರು’ ಅಂದರೆ ನಡುವೆ ಒಂದು ದೀರ್ಘ ‘ಓ’. ನೂರು ಜನ ಒಟ್ಟಿಗೆ ಬಾಯಿ ತೆರೆಯಬಹುದು, ಎಳೆಯಬಹುದು, ತಮಟೆಯ ಪೆಟ್ಟು ಬರೋ ತನಕ ಕಾಯಬಹುದು. ಆ ‘ಓ’ ಕೇರಿಯ ಭಾಷೆಯೂ ಹೌದು, ತಾಳದ ಅಗತ್ಯವೂ ಹೌದು. ಸೈಜುಗಲ್ಲು ಎಂಬ ಕಟ್ಟಡ ಕೆಲಸದ ಪದ ಆ ಪದ್ಯದಲ್ಲಿ ಬರುತ್ತದೆ. ಕಲ್ಲು ಅಂದಿದ್ದರೂ ಅರ್ಥ ಆಗ್ತಿತ್ತು. ಸೈಜುಗಲ್ಲು ಅಂದಾಗ ಅದನ್ನು ಹೊತ್ತವನಿಗೆ ತೂಕ ಗೊತ್ತು, ಹೊರದವನಿಗೆ ಗೊತ್ತಿಲ್ಲ. ಪದ್ಯ ಅಲ್ಲೇ ತನ್ನ ಕೇಳುಗನನ್ನು ಆರಿಸಿಕೊಂಡಿತು.

‘ನಲವತ್ತೇಳರ ಸ್ವಾತಂತ್ರ್ಯ’ದ ಕಟ್ಟಡ ಇನ್ನೊಂದು ಥರದ್ದು. ಪಲ್ಲವಿಯೇ ಪ್ರಶ್ನೆ. ಸ್ವಾತಂತ್ರ್ಯ ಯಾರ ಪಾಲಾಯಿತು ಅಂತ ಗುಂಪು ಕೇಳುತ್ತದೆ, ಮುಂದಾಳು ಒಂದೊಂದೇ ವಿಳಾಸ ಹೇಳುತ್ತಾನೆ, ದೊಡ್ಡ ಉದ್ಯಮಿಗಳ ಹೆಸರು ಹಿಡಿದೇ ಹೇಳುತ್ತಾನೆ. ಪ್ರತಿ ಉತ್ತರದ ನಂತರ ಮತ್ತೆ ಅದೇ ಪ್ರಶ್ನೆ. ರ‍್ಯಾಪ್ ಕಟ್ಟುವ ನನ್ನ ಹುಡುಗರು ಇದನ್ನು ‘ಹುಕ್’ ಅಂತಾರೆ: ಕೇಳುಗನಿಗೆ ಗಾಳದ ಹಾಗೆ ಸಿಕ್ಕಿಕೊಳ್ಳುವ ಸಾಲು. ಇಲ್ಲಿಯ ಜಾಣತನ ಏನೆಂದರೆ ಗುಂಪಿಗೆ ಸಿಕ್ಕಿರೋದು ಉತ್ತರವಲ್ಲ, ಪ್ರಶ್ನೆ. ಅಕ್ಷರ ಬಾರದವನೂ ಈ ಹಾಡಿನಲ್ಲಿ ಕೇಳುವವನ ಜಾಗದಲ್ಲಿ ನಿಲ್ಲುತ್ತಾನೆ, ಹೇಳಿಸಿಕೊಳ್ಳುವವನ ಜಾಗದಲ್ಲಿ ಅಲ್ಲ. ಆಗಸ್ಟ್ 15ರ ಧ್ವಜವಂದನೆಯಲ್ಲಿ ಸಾಲಾಗಿ ನಿಂತು ಭಾಷಣ ಕೇಳಿಸಿಕೊಂಡ ಜನಕ್ಕೆ ಇದು ಸಣ್ಣ ಬದಲಾವಣೆಯೇನಲ್ಲ.

ಇನ್ನು ಆ ಪ್ರಸಿದ್ಧ ಬೈಗುಳದ ಪದ್ಯ, ಇಕ್ಕಿ, ಒದೀರಿ ಅಂತ ಮಾಗಡಿ ಸೀಮೆಯ ‘ಲಾ’ಕಾರದಲ್ಲಿ ಕರೆಕೊಡುವ ಪದ್ಯ. ಸಭ್ಯರಿಗೆ ಅದು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸೋದು ಆ ‘ಲಾ’. ನಮ್ಮ ಕಡೆ ‘ಲಾ’ ಇಲ್ಲ, ‘ಲೇ’ ಇದೆ. ಹಾಗಿದ್ದೂ ಹೊನ್ನಾಳಿ ಕಡೆಯ ಹಳೆಯ ಕಾರ್ಯಕರ್ತರು ಅದನ್ನು ‘ಲಾ’ ಅಂತಲೇ ಹಾಡುತ್ತಿದ್ದರು. ಶಿಷ್ಟ ಕನ್ನಡ ಕಲಿಸಲು ಸರ್ಕಾರ ಶಾಲೆ ತೆರೆಯಿತು, ಪಠ್ಯ ಮಾಡಿತು. ಮಾಗಡಿಯ ಕೇರಿಯ ಕನ್ನಡವನ್ನು ಮಧ್ಯ ಕರ್ನಾಟಕದ ಕೇರಿಗಳಿಗೆ ಒಂದು ಹಾಡು ಪುಕ್ಕಟೆ ತಲುಪಿಸಿತು. ಬ್ರಾಂಕ್ಸಿನ ಬೀದಿಯ ಇಂಗ್ಲಿಷ್ ಜಗತ್ತಿನ ಹುಡುಗರ ನಾಲಿಗೆಗೆ ಹತ್ತಿದ್ದೂ ಹೀಗೇ.

5

ಈಗ ನಮ್ಮ ತಾಲ್ಲೂಕುಗಳಿಗೆ ಬರುತ್ತೇನೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿ ಹೊನ್ನಾಳಿಯೊಳಗಿತ್ತು, 2018ರಲ್ಲಿ ಬೇರೆ ತಾಲ್ಲೂಕಾಯಿತು. ಚಳವಳಿಯ ಇತಿಹಾಸಕ್ಕೆ ಈ ಗಡಿಗಳು ಮುಖ್ಯ. ಯಾಕೆಂದರೆ ದಲಿತ ಸಂಘರ್ಷ ಸಮಿತಿ ಬೇರು ಬಿಟ್ಟದ್ದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ, ಅಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಸುತ್ತ, 1970ರ ದಶಕದ ನಡುವಿನಲ್ಲಿ. ಕೃಷ್ಣಪ್ಪ ನಮ್ಮ ಹರಿಹರದವರು, 1938ರಲ್ಲಿ ಹುಟ್ಟಿದವರು. ಚನ್ನಗಿರಿಗೆ ಭದ್ರಾವತಿ ಮಗ್ಗುಲ ತಾಲ್ಲೂಕು. ಭದ್ರಾ ನಾಲೆಯ ನೀರು, ಅಡಕೆ ತೋಟದ ಕೂಲಿ, ಕಾಗದದ ಕಾರ್ಖಾನೆ, ಕಬ್ಬಿಣದ ಕಾರ್ಖಾನೆ ಅಂತ ಜನ ಓಡಾಡುತ್ತಿದ್ದ ದಾರಿಯಲ್ಲೇ ಹಾಡೂ ಓಡಾಡಿತು. ಜಗಳೂರಿನದು ಬೇರೆ ಲೋಕ. ಮಳೆ ಕೈಕೊಟ್ಟರೆ ಗುಳೆ ಹೋಗುವ ಸೀಮೆ, ಹಾಡು ಅಲ್ಲಿಗೆ ಚಿತ್ರದುರ್ಗದ ಹಾಸ್ಟೆಲ್ಲುಗಳ ಮೂಲಕ ಬಂತು ಅನ್ನುತ್ತಾರೆ ಹಿರಿಯರು.

ಹೊನ್ನಾಳಿ ತಾಲ್ಲೂಕಿನ ಹಿರಿಯ ಕಾರ್ಯಕರ್ತರೊಬ್ಬರ ಮನೆಯಲ್ಲಿ ನಾನು 200 ಪುಟದ ಒಂದು ನೋಟ್‌ಬುಕ್ ನೋಡಿದೆ. ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಳು. ಎಣ್ಣೆ, ಬೆವರು ತಾಗಿ ಮೂಲೆಗಳು ಕಪ್ಪಗಾಗಿವೆ. ಒಂದಕ್ಕೂ ಕವಿಯ ಹೆಸರಿಲ್ಲ. ಸಿದ್ಧಲಿಂಗಯ್ಯನವರದ್ದು, ಕೋಲಾರದ ಕಡೆಯವರದ್ದು, ಊರಲ್ಲೇ ಯಾರೋ ಕಟ್ಟಿದ್ದು, ತತ್ವಪದ, ಎಲ್ಲ ಒಟ್ಟಿಗೆ. ‘ಅಣ್ಣ, ಇದು ಯಾರ ಹಾಡು ಅಂತ ಬರ್ಕೊಂಡಿಲ್ವಲ್ಲ?’ ಅಂದೆ. ‘ಹಾಡೋರ ಹಾಡು ತಾಯಿ. ನಾವು ಸಿದ್ಧಲಿಂಗಯ್ಯನವರ ಮುಖ ನೋಡಾಕಿಂತ ಮುಂಚೆ ಅವರ ಹಾಡು ಕಲ್ತಿದ್ವಿ. ಜಾಥಾದಾಗೆ ಮುಂದಿನೋನು ಹೇಳ್ತಿದ್ದ, ಹಿಂದಿನೋನು ಹಿಡೀತಿದ್ದ’ ಅಂದರು. ಒಂದು ಹಾಡಿನಲ್ಲಿ ಮೂಲದ ಯಾವುದೋ ಪದ ಹೋಗಿ ‘ಗೌಡ’ ಬಂದಿತ್ತು, ಇನ್ನೊಂದರಲ್ಲಿ ಹತ್ತಿರದ ಊರಿನ ಹೆಸರು ಸೇರಿತ್ತು. ಗ್ರಂಥಸಂಪಾದನೆಯ ಪಾಠ ಓದಿ ಬಂದವರು ಇವನ್ನು ಪಾಠದೋಷ ಅನ್ನಬಹುದು.

ಹೆಸರು ಹೋಗೋದರಲ್ಲೂ ಎರಡು ಬಗೆ ಇದೆ. 2021ರಲ್ಲಿ ‘ಎಂಜಾಯ್ ಎಂಜಾಮಿ’ ಬರೆದು ಹಾಡಿದ ತಮಿಳಿನ ದಲಿತ ರ‍್ಯಾಪರ್ ಅರಿವು ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಲಿಲ್ಲ, ಹಾಡಿನ ಜೊತೆಗಾರ್ತಿ ಕಾಣಿಸಿದರು. ನಿರ್ದೇಶಕ ಪಾ. ರಂಜಿತ್ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಇನ್ನೂ ಹಿಂದಕ್ಕೆ ಹೋದರೆ, 1982ರ ‘ದ ಮೆಸೇಜ್’ ರೆಕಾರ್ಡಿನ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹೆಸರು ದೊಡ್ಡದಾಗಿತ್ತು. ಸಾಲುಗಳನ್ನು ಬರೆದವರು ಮುಖ್ಯವಾಗಿ ಡ್ಯೂಕ್ ಬೂಟಿ ಮತ್ತು ಮೆಲ್ ಮೆಲ್. ಇವು ಮಾರುಕಟ್ಟೆ ಕಿತ್ತುಕೊಂಡ ಹೆಸರುಗಳು. ಹೊನ್ನಾಳಿಯ ನೋಟ್‌ಬುಕ್ಕಿನಲ್ಲಿ ಕವಿಯ ಹೆಸರು ಕರಗಿದ್ದು ಬೇರೆ ರೀತಿ. ಎರಡನ್ನೂ ‘ಅನಾಮಿಕತೆ’ ಎಂಬ ಒಂದೇ ಚಂದದ ಪದದಲ್ಲಿ ಕಟ್ಟಿಹಾಕುವುದು ಬೇಡ.

ಕೇರಿಗೆ ಹಾಡು ಹೊಸದೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಮಾರಿಹಬ್ಬದ ಆಸಾದಿಗಳಿದ್ದಾರೆ. ಮಾದಿಗ ಸಮುದಾಯದ ಈ ಗಾಯಕರು ದೇವತೆಯ ಚರಿತ್ರೆ ಹೇಳುತ್ತಾರೆ, ಹೊಗಳುತ್ತಾರೆ, ಸಮಯ ಬಂದರೆ ಊರಿನ ದೊಡ್ಡವರ ಮುಖಕ್ಕೇ ಬೈದು ಹಾಡುತ್ತಾರೆ. ನಿಂತ ನಿಲುವಿನಲ್ಲೇ ಕಟ್ಟುವ ಪ್ರತಿಭೆ ಅದು; ತಮಟೆ, ಉರುಮೆಯ ಮೇಲೆ ಮಾತು ಹಾರಿಸುವ ವಿದ್ಯೆ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿಯಲ್ಲಿ ಸವಾಲಿಗೆ ಸವಾಲು ಎಸೆಯುವ ಕ್ರಮವನ್ನು ರ‍್ಯಾಪಿನ ‘ಬ್ಯಾಟಲ್’ ನೋಡಿದ ಯಾರಾದರೂ ಗುರುತಿಸುತ್ತಾರೆ. ಹಾಗಂತ ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’ ಎಂಬ ದೇಸಿವಾದಿಗಳ ಸಂಭ್ರಮಕ್ಕೆ ನಾನು ಸೇರಲಾರೆ. ಆಸಾದಿಯ ಬೈಗುಳಕ್ಕೆ ಊರು ಅಪ್ಪಣೆ ಕೊಟ್ಟಿತ್ತು, ಹಬ್ಬದ ದಿನಗಳ ಮಟ್ಟಿಗೆ. ಮಾರನೇ ದಿನ ಅದೇ ಮನುಷ್ಯ ಅದೇ ಜಗಲಿಯ ಕೆಳಗೆ ನಿಲ್ಲಬೇಕು. ದಸಂಸದ ಹಾಡು ಈ ಅಪ್ಪಣೆಯ ದಿನವನ್ನು ಮೀರಿತು. ತಾಲ್ಲೂಕು ಕಚೇರಿಯ ಮುಂದೆ, ಪೊಲೀಸ್ ಠಾಣೆಯ ಮುಂದೆ, ಹಬ್ಬವಲ್ಲದ ಸೋಮವಾರ ಮಂಗಳವಾರ ಬೈಯತೊಡಗಿತು. ಮಾರಿಹಬ್ಬದಲ್ಲಿ ನಗುತ್ತಾ ಕೇಳಿಸಿಕೊಂಡವರು ಇಲ್ಲಿ ಕೇಸು ಹಾಕಿಸಿದರು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆಸೇವೆಯ ವಿರುದ್ಧ ಸಮಿತಿಯ ಕಾರ್ಯಕರ್ತರು ನಿಂತಾಗ ಆದದ್ದನ್ನು ನೆನೆದರೆ, ದೇವತೆಯ ಹಾಡು ಮತ್ತು ಚಳವಳಿಯ ಹಾಡು ಎದುರುಬದುರಾದಾಗ ಎಂಥ ಗಾಯ ಆಗುತ್ತದೆ ಎಂಬುದು ತಿಳಿಯುತ್ತದೆ. ಗ್ರಾಮದೇವತೆಗಳ ಬಗ್ಗೆ ಸಂಶೋಧನೆ ಮಾಡಿದ ಕವಿಗೆ ಈ ಗಾಯ ಗೊತ್ತಿತ್ತು. ವಿಚಾರವಾದಿಯ ನಗು ಮತ್ತು ಭಕ್ತೆಯ ಅಳು ಎರಡೂ ಅವರ ಗದ್ಯದಲ್ಲಿ ಒಟ್ಟೊಟ್ಟಿಗೆ ಕೂತಿವೆ.

ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ನಾನಾ ರಾಜ್ಯಗಳ ಲಂಬಾಣಿಗರು ಅಲ್ಲಿಗೆ ಹಾಡಿಕೊಂಡು ಬರುತ್ತಾರೆ. ಆ ಹಾಡುಗಳಿಗೂ ದಸಂಸದ ಹಾಡುಗಳಿಗೂ ಕೊಡುಕೊಳೆ ಹೆಚ್ಚು ನಡೆದಂತಿಲ್ಲ. ಒಂದು ಗೋರ್‌ಬೋಲಿ, ಇನ್ನೊಂದು ಕನ್ನಡ ಎಂಬುದಷ್ಟೇ ಕಾರಣ ಅಲ್ಲ ಅಂತ ನನ್ನ ಅನುಮಾನ.

6

ವಿಮರ್ಶೆಯ ಮೆಟ್ಟಿಲಿನ ಕಥೆಗೆ ಮರಳೋಣ. ನವ್ಯ ವಿಮರ್ಶೆ ಕವಿತೆಯನ್ನು ಒಬ್ಬ ಓದುಗ ಒಂಟಿಯಾಗಿ, ಮೌನವಾಗಿ ಓದುವ ವಸ್ತು ಅಂತ ಕಲಿಸಿತು. ಅಂಥ ಓದಿಗೆ ಪುನರುಕ್ತಿ ದೋಷ, ನೇರಮಾತು ದೋಷ, ಪ್ರಾಸ ಹಳೆಯ ಚಟ. ಸಭೆಯಲ್ಲಿ ಹಾಡುವ ಪದ್ಯಕ್ಕೆ ಈ ಮೂರೂ ಬೇಕೇಬೇಕು. ಪುನರುಕ್ತಿ ಇಲ್ಲದಿದ್ದರೆ ಹಿಂದಿನ ಸಾಲಿನವನು ಹಿಡಿಯೋದು ಹೇಗೆ? ಬಂಡಾಯದ ವಿಮರ್ಶಕರು ಹಾಡಿನ ಪರ ಮಾತಾಡಿದರು ನಿಜ, ಆದರೆ ಅವರು ಸಮರ್ಥಿಸಿದ್ದು ಹಾಡಿನ ಆಶಯವನ್ನು. ಅದರ ಕಸುಬನ್ನು ಬಿಡಿಸಿ ತೋರಿಸಿದ್ದು ಕಡಿಮೆ. ‘ಕಲೆ ಕಡಿಮೆ ಇದ್ದರೂ ಕಾಳಜಿ ದೊಡ್ಡದು’ ಎಂಬ ರಿಯಾಯಿತಿ ಅಂಕ ಕೊಟ್ಟು ಪಾಸು ಮಾಡಿದರು. ಮೀಸಲಾತಿಯಲ್ಲಿ ಬಂದವನು ಅಂತ ಹಾಸ್ಟೆಲ್ ಹುಡುಗನ ಕಡೆ ನೋಡುವ ನೋಟಕ್ಕೂ ಈ ರಿಯಾಯಿತಿಗೂ ಏನು ವ್ಯತ್ಯಾಸ? ಸಿಟ್ಟನ್ನೂ ಬಲ್ಲ, ಕೇರಿಯ ಅವಮಾನ ನಗುವಾಗಿ ತಿರುಗುವುದನ್ನೂ ಬಲ್ಲ ಡಿ.ಆರ್. ನಾಗರಾಜ್ ಒಬ್ಬರು ಈ ಬಗ್ಗೆ ಇನ್ನಷ್ಟು ಬರೆಯಬಹುದಿತ್ತು, 1998ರಲ್ಲಿ ತೀರಿಕೊಂಡರು.

ಕವಿಯ ಮೇಲೆ ಚಳವಳಿಯ ಒಳಗಿನಿಂದ ಬಂದ ಟೀಕೆಯೂ ಉಂಟು. ಪರಿಷತ್ತಿಗೆ ಹೋದರು, ಪ್ರಾಧಿಕಾರಕ್ಕೆ ಹೋದರು, ಬೀದಿ ಬಿಟ್ಟರು ಅಂತ. ಈ ಟೀಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೀದಿಯಲ್ಲಿ ಏಟು ತಿಂದವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ, ಸದನದಲ್ಲಿ ಕೂತ ಹಾಡುಗಾರ ಸರ್ಕಾರಕ್ಕೆ ಎಷ್ಟು ಇರುಸುಮುರುಸು ಮಾಡಿದ ಅಂತ ಲೆಕ್ಕ ಕೇಳುವ ಹಕ್ಕೂ ಇದೆ. ನನ್ನ ಅಭಿಪ್ರಾಯದಲ್ಲಿ ಸಿದ್ಧಲಿಂಗಯ್ಯ ಅಧಿಕಾರದ ಪಡಸಾಲೆಯಲ್ಲಿ ಬಹಳ ಕಾಲ ಸಮಾಧಾನವಾಗಿಯೇ ಇದ್ದರು. ಆದರೆ ಮೆಟ್ಟಿಲು ಹತ್ತಿದ ಕಥೆಯಂತೆ ಮೆಟ್ಟಿಲು ಇಳಿದ ಕಥೆಯೂ ಮನುಷ್ಯನನ್ನೇ ನೋಡುತ್ತದೆ. 1988ರ ನಂತರವೂ ಹಾಡುಗಳು ಎಂಎಲ್‌ಸಿ ಆಗಲಿಲ್ಲ. ಮೈಸೂರಿನ ಜನಾರ್ದನ್ (ಜನ್ನಿ), ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಮುಂತಾದವರ ಕಂಠದಿಂದ ಚಳವಳಿಯ ಹಾಡು ಊರೂರು ಸುತ್ತಿತು. ಪಕ್ಕದ ತೆಲುಗು ನಾಡಿನಲ್ಲಿ ಗದ್ದರ್ ಉದಾಹರಣೆ ಇದೆ: 1997ರಲ್ಲಿ ಗುಂಡೇಟು ತಿಂದು ಬದುಕಿ, ಕೊನೆಗಾಲದಲ್ಲಿ ಚುನಾವಣೆ ರಾಜಕಾರಣದ ಕಡೆ ಹೊರಳಿ 2023ರಲ್ಲಿ ತೀರಿಕೊಂಡರು. ಗದ್ದರ್ ಎಲ್ಲಿ ನಿಂತರು ಎಂಬ ಜಗಳ ಮುಗಿದಿಲ್ಲ. ಹಾಡು ಆ ಜಗಳಕ್ಕೆ ಕಾಯಲಿಲ್ಲ.

ನನ್ನ ತಕರಾರು ಬೇರೆ ಎರಡು ಇವೆ. ಒಂದು, ಈ ಹಾಡುಗಳಲ್ಲಿ ಮಾತಾಡುವ ಬಾಯಿ ಹೆಚ್ಚಾಗಿ ಗಂಡಸಿನದು. ಹೆಂಗಸರು ಬರುತ್ತಾರೆ: ಅವ್ವ ಆಗಿ, ಮಾನ ಕಳೆದುಕೊಂಡ ಅಕ್ಕ ಆಗಿ. ಚನ್ನಗಿರಿ ಕಡೆಯ ಜಾಥಾಗಳಲ್ಲಿ ಪಲ್ಲವಿ ಹಿಡಿಯುತ್ತಿದ್ದ ಹೆಂಗಸೊಬ್ಬರನ್ನು ಮಾತಾಡಿಸಿದಾಗ, ‘ನಂದು ಹಿಂದಿನ ಸಾಲೇ ಕಣವ್ವ, ಮುಂದಿನ ಸಾಲು ಯಾವತ್ತೂ ಕೊಡ್ಲಿಲ್ಲ’ ಅಂದರು. ಆಕೆ ಹೇಳಿದ್ದು ಮೆರವಣಿಗೆಯ ಸಾಲೋ ಹಾಡಿನ ಸಾಲೋ ನಾನು ಕೇಳಲಿಲ್ಲ. ದು. ಸರಸ್ವತಿಯವರಂಥವರು ಈ ಬಾಯಿಯನ್ನು ಆಮೇಲೆ ತಾವೇ ಕಿತ್ತುಕೊಂಡರು. ಇವತ್ತಿನ ರ‍್ಯಾಪಿನಲ್ಲೂ ಇದೇ ಹಳೇ ರೋಗ.

ಎರಡನೆಯದು ತಮಟೆ. ಕೇರಿಯ ಹುಡುಗರು ಸಾವಿಗೆ, ಜಾತ್ರೆಗೆ ತಮಟೆ ಬಡಿಯೋದನ್ನು ನಿಲ್ಲಿಸಬೇಕು, ಅದು ಜಾತಿ ಹೊರಿಸಿದ ಬಿಟ್ಟಿ ಚಾಕರಿ ಅಂತ ಚಳವಳಿ ಹೇಳಿತು. ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ನಿಲ್ಲಿಸಿತು. ಎರಡೂ ಸರಿ, ಎರಡನ್ನೂ ಒಟ್ಟಿಗೆ ಹೊರೋದು ಕಷ್ಟ ಆಯಿತು. ಹಾಡು ಅಚ್ಚಾದಾಗ ಕವಿಯ ಹೆಸರು ಬಂತು, ಕ್ಯಾಸೆಟ್ ಆದಾಗ ಗಾಯಕನ ಹೆಸರು ಬಂತು, ತಮಟೆಯವರ ಹೆಸರು ಎಲ್ಲೂ ಬರಲಿಲ್ಲ. ನಮ್ಮ ಸೀಮೆಯಲ್ಲಿ ಅವರು ಬಹುಮಟ್ಟಿಗೆ ಮಾದಿಗರು. ‘ಹೊಲೆಮಾದಿಗರ ಹಾಡು’ ಎಂಬ ಶೀರ್ಷಿಕೆಯಲ್ಲಿ ಎರಡು ಹೆಸರು ಅಂಟಿಕೊಂಡೇ ಕೂತಿವೆ. ನಡುವೆ ಏನೇನು ಮುಚ್ಚಿತ್ತು ಎಂಬುದನ್ನು ಒಳಮೀಸಲಾತಿ ಹೋರಾಟ ಮೂರು ದಶಕ ಹೇಳಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ 6, 6, 5 ಅಂತ ಶೇಕಡಾ ಹಂಚಲು ತೀರ್ಮಾನಿಸಿತು. ಹಾಡಿನ ಯಶಸ್ಸನ್ನು ಹಂಚುವ ಆಯೋಗ ಇನ್ನೂ ಕೂತಿಲ್ಲ. ಹಿಪ್‌ಹಾಪಿನ ಚರಿತ್ರೆ ಹೇಗೆ ಶುರುವಾಗುತ್ತದೆ ನೋಡಿ: ಪದ್ಯ ಬರೆದವನಿಂದಲ್ಲ, ಪೆಟ್ಟು ಕೊಟ್ಟವನಿಂದ, ಹರ್ಕ್‌ನಿಂದ.

7

ನಮ್ಮ ಹುಡುಗರ ರ‍್ಯಾಪ್ ಬಗ್ಗೆ ಹೇಳಿದೆನಲ್ಲ. ನಾನು ಹೋಗಿದ್ದ ಒಂದು ಕಾಲೇಜು ಸಮಾರಂಭದಲ್ಲಿ ಜಗಳೂರು ಕಡೆಯ ಹುಡುಗನೊಬ್ಬ ವೇದಿಕೆ ಹತ್ತಿದ. ಬತ್ತಿದ ಬೋರ್‌ವೆಲ್, ಮೆಕ್ಕೆಜೋಳದ ರೇಟು, ಬೆಂಗಳೂರಲ್ಲಿ ಗಾರೆ ಕೆಲಸ, ಡೆಲಿವರಿ ಬ್ಯಾಗು, ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಅನ್ನೋ ಪ್ರಶ್ನೆ, ಸಾಲಿಗೊಂದು ಬಂತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಪ್ರಾಧ್ಯಾಪಕರು ‘ಇದು ಸಾಹಿತ್ಯ ಅಲ್ಲ, ಕೂಗಾಟ’ ಅಂದರು. ಅದೇ ವಾರ ಅವರು ಎಂ.ಎ. ತರಗತಿಯಲ್ಲಿ ‘ನನ್ನ ಜನಗಳು’ ಪಾಠ ಮಾಡಿದ್ದರು. ಕೆಲಸಗಳ ಪಟ್ಟಿ, ಸಾಲಿನ ಕೊನೆಗೆ ಎಳೆದು ಹಾಡಬಹುದಾದ ಸ್ವರ, ಗುಂಪಿಗೆ ಬಿಟ್ಟುಕೊಟ್ಟ ಪಲ್ಲವಿ, ಕಟ್ಟಡ ಅದೇ. ಹುಡುಗ ಸಿದ್ಧಲಿಂಗಯ್ಯನವರನ್ನು ನಕಲು ಮಾಡಿರಲಿಲ್ಲ. ಪರೀಕ್ಷೆಗೆ ಬೇಕಾದಷ್ಟೇ ಓದಿದ್ದ.

ಎಲ್ಲ ರ‍್ಯಾಪೂ ಹೀಗಿಲ್ಲ. ಕಾರು, ಪೆಗ್ಗು, ಹುಡುಗಿ ಅಂತ ಸಿನಿಮಾದ ಎಂಜಲು ತಿನ್ನೋದೇ ಹೆಚ್ಚು. ನನ್ನ ವಿದ್ಯಾರ್ಥಿಗಳೂ ಅದಕ್ಕೆ ಹೊರತಲ್ಲ. ಸಿದ್ಧಲಿಂಗಯ್ಯನವರ ಎಲ್ಲ ಹಾಡೂ ಒಂದೇ ತೂಕದ್ದಲ್ಲ, ಕೆಲವು ಆ ದಿನದ ಸಭೆ ಮುಗಿದ ಮೇಲೆ ನಿಲ್ಲಲಾರವು. ಆದರೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೇಳಬೇಕಾದರೆ ತಾಳ ಗೊತ್ತಿರಬೇಕು, ಉಸಿರು ಗೊತ್ತಿರಬೇಕು, ಯಾರು ಯಾರ ಮುಂದೆ ನಿಂತು ಹಾಡಿದರು ಅನ್ನೋದು ಗೊತ್ತಿರಬೇಕು. 2018ರಲ್ಲಿ ಚೆನ್ನೈಯಲ್ಲಿ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ವೇದಿಕೆ ಹತ್ತಿದಾಗ ಗಾನಾ ಹಾಡುಗಾರರು, ಪರೈ ಬಡಿಯುವವರು, ರ‍್ಯಾಪರ್‌ಗಳು ಒಂದೇ ಸಾಲಿನಲ್ಲಿ ನಿಂತರು.  ನಮ್ಮಲ್ಲಿ ಅಂಥ ವೇದಿಕೆ ಆಗಿಲ್ಲ.

ಸದ್ಯಕ್ಕೆ ನಾನು ಮಾಡುತ್ತಿರುವ ಕೆಲಸ ಚಿಕ್ಕದು. 1970, 80ರ ದಶಕಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಜಾಥಾಗಳಲ್ಲಿ ತಮಟೆ ಬಡಿದವರು ಯಾರ‍್ಯಾರು ಅಂತ ವಿದ್ಯಾರ್ಥಿಗಳ ಕೈಯಲ್ಲಿ ಅವರವರ ಊರಲ್ಲಿ ಕೇಳಿಸುತ್ತಿದ್ದೇನೆ. ಹೆಸರು, ಊರು, ಯಾವ ಗತ್ತು ಬಡಿಯುತ್ತಿದ್ದರು, ಯಾವ ಹಾಡಿಗೆ. ಇದುವರೆಗೆ 11 ಹೆಸರು ಸಿಕ್ಕಿವೆ. ಅದರಲ್ಲಿ ಇಬ್ಬರು ಬದುಕಿದ್ದಾರೆ, ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಕೈ ಮಾತ್ರ ಮಂಡಿಯ ಮೇಲೆ ಸರಿಯಾಗಿ ಬೀಳುತ್ತದೆ. ಜಗಳೂರಿನಿಂದ ಇನ್ನೂ ಒಂದು ಹೆಸರೂ ಬಂದಿಲ್ಲ.